ಮೂವತ್ತೊಂದು ಡಿಗ್ರಿ

"ಒಂದು ನಟ್ಟು ಮುಟ್ಟಿ ನೋಡು, ಈ ಸುತ್ತಿಗೇಲಿ ನಿನ್ನ ಕೈ ಜಜ್ಜಿಹಾಕ್ತೀನಿ!"

ಅಣ್ಣಮ್ಮನ ಕೂಗು ರಸ್ತೆಯವರೆಗೂ ಕೇಳಿಸುತ್ತಿತ್ತು. ಇನ್ಸ್‌ಪೆಕ್ಟರ್ ದೊಡ್ಡಹನುಮಯ್ಯ ಜೀಪು ಪೂರ್ತಿ ನಿಲ್ಲುವ ಮೊದಲೇ ಕೆಳಕ್ಕಿಳಿದ.

ಬಸವೇಶ್ವರನಗರದ ಆ ದೊಡ್ಡ ಮನೆಯ ಗೇಟಿಗೆ ಬೆನ್ನು ಮಾಡಿ ಒಂದು ಟೆಂಪೊ ನಿಂತಿತ್ತು. ಹಿತ್ತಲಿನ ಈಜುಕೊಳದ ಪಕ್ಕ, ನೆಲದಿಂದ ಐದು ಮೆಟ್ಟಿಲು ಕೆಳಗಿದ್ದ ಪಂಪ್ ಕೋಣೆಯ ಬಾಗಿಲಿಗೆ ಅಡ್ಡವಾಗಿ ಅಣ್ಣಮ್ಮ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಕೈಯಲ್ಲಿ ಗಂಡನ ಸುತ್ತಿಗೆ. ಗುಜರಿಯವರಿಬ್ಬರು ಮೆಟ್ಟಿಲ ಮೇಲೆ ನಿಂತು ಮುಂದೆ ಹೋಗಲೂ ಆಗದೆ ಹಿಂದೆ ಬರಲೂ ಆಗದೆ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅವಳ ಗಂಡ ಮುನಿರಾಮಯ್ಯ, ಫ್ರಿಜ್ಜು ರಿಪೇರಿಯ ಮೆಕ್ಯಾನಿಕ್, ನಾಲ್ಕು ದಿನದ ಹಿಂದೆ ಭಾನುವಾರ ಇದೇ ಕೋಣೆಯ ನೆಲದ ಮೇಲೆ ಸತ್ತು ಬಿದ್ದಿದ್ದ. ಕುಡಿದ ಅಮಲಿನಲ್ಲಿ, ತಾನೇ ಕಟ್ಟಿದ ಯಂತ್ರದ ಗ್ಯಾಸು ಬಿಚ್ಚಿಕೊಂಡು ಉಸಿರುಗಟ್ಟಿ ಸತ್ತ ಎಂದು ಮನೆಯವರು ಹೇಳಿದ್ದರು. ಹಾಗೆಯೇ ಬರೆದ ಮಹಜರಿಗೆ ಸಹಿ ಹಾಕಿದವನು ದೊಡ್ಡಹನುಮಯ್ಯನೇ.

"ಏನ್ರೀ ನಡೀತಿದೆ ಇಲ್ಲಿ?"

ಕೊಳದ ಆ ಬದಿಯಿಂದ ಬೈಲಪ್ಪ ಬೀಸು ಹೆಜ್ಜೆ ಹಾಕಿ ಬಂದ. ಮನೆಯ ಯಜಮಾನ ಚನ್ನಕೇಶವನ ಹೆಂಡತಿಯ ತಮ್ಮ. ಸುಂಕದಕಟ್ಟೆಯಲ್ಲಿ ಬಾವನ ಮರ ಕೊಯ್ಯುವ ಮಿಲ್ಲು ನೋಡಿಕೊಳ್ಳುವವನು. ಬಿಳಿ ಸಫಾರಿ, ಬೆರಳಲ್ಲಿ ಸ್ಕೂಟರಿನ ಕೀ.

"ನೋಡಿ ಸಾರ್, ಸಾವಾದ ಮೆಷಿನ್ನು. ಮನೇಲಿ ಇಟ್ಕೊಳ್ಳೋದು ಬೇಡ ಅಂತ ಗುಜರಿಗೆ ಹಾಕ್ತಾ ಇದೀವಿ. ಈಯಮ್ಮ ಬಂದು ಗಲಾಟೆ ಮಾಡ್ತಾ ಇದಾಳೆ. ಕೇಸು ಮುಗೀತಲ್ಲ?"

"ಮುಗೀತು ಅಂತ ಯಾರು ಹೇಳಿದ್ರು?"

"ನೀವೇ ಸೈನ್ ಹಾಕಿದ್ರಲ್ಲ!"

"ಹೂಂ, ಹಾಕಿದ್ರು," ಅಣ್ಣಮ್ಮ ಕೆಳಗಿನಿಂದಲೇ ಕೂಗಿದಳು. "ಸತ್ತವನ ಪಕ್ಕ ಯಾರೋ ಒಂದು ಬಾಟ್ಲು ಇಟ್ರು, ಇವರು ಕುಡುಕ ಅಂತ ಬರೆದ್ರು. ನನ್ನನ್ನ ಒಂದು ಮಾತು ಕೇಳಿದ್ರಾ ಸಾರ್? ಹದಿನೆಂಟು ವರ್ಷ ಬಾಳಿದೀನಿ ಅವರ ಜೊತೆ. ಆ ಮನುಷ್ಯ ಕಾಫೀನೂ ಕುಡೀತಿರ್ಲಿಲ್ಲ. ಕೈ ನಡುಗುತ್ತೆ, ಬೆಸುಗೆ ಕೆಡುತ್ತೆ ಅನ್ನೋರು."

ದೊಡ್ಡಹನುಮಯ್ಯನಿಗೆ ಸಿಟ್ಟು ಬಂತು. ಅವಳ ಮೇಲಲ್ಲ, ತನ್ನ ಮೇಲೆ. ನಿನ್ನೆ ಸಂಜೆ ಕೈಗೆ ಬಂದ ಮರಣೋತ್ತರ ಪರೀಕ್ಷೆಯ ವರದಿಯನ್ನು ಅವನು ಮೂರು ಸಲ ಓದಿದ್ದ. ಪ್ರತಿ ಸಲ ಓದಿದಾಗಲೂ ತನ್ನ ಸಹಿಯೇ ಕಣ್ಣಿಗೆ ಬಂದಿತ್ತು.

"ಅಮ್ಮ ಹೇಳ್ತಿರೋದು ನಿಜ," ಅವನು ಜೇಬಿನಿಂದ ಕಾಗದ ತೆಗೆದ. "ಹೊಟ್ಟೇಲಿ ಹೆಂಡದ ಹನಿಯೂ ಇಲ್ಲ, ವಾಸನೇನೂ ಇಲ್ಲ ಅಂತ ಡಾಕ್ಟ್ರು ಬರೆದಿದಾರೆ. ಇನ್ನೊಂದು ಬರೆದಿದಾರೆ. ತಲೆಯ ಹಿಂದೆ ಪೆಟ್ಟು ಬಿದ್ದಿದೆ. ಬಿದ್ದ ಜಾಗ ಚೆನ್ನಾಗಿ ಊದಿದೆ. ಸತ್ತ ಮೇಲೆ ಬಿದ್ದ ಪೆಟ್ಟು ಊದಲ್ಲ ಬೈಲಪ್ಪನವರೇ. ಪೆಟ್ಟು ಬಿದ್ದ ಮೇಲೂ ಅವನು ಬದುಕಿದ್ದ. ಪ್ರಾಣ ಹೋಗಿದ್ದು ಆಮೇಲೆ, ಗಾಳಿ ಇಲ್ಲದೆ."

ಬೈಲಪ್ಪನ ಬೆರಳಲ್ಲಿ ತಿರುಗುತ್ತಿದ್ದ ಕೀ ನಿಂತಿತು.

"ಅಂಜಿನಯ್ಯ, ಈ ಟೆಂಪೊ ವಾಪಸ್ ಕಳ್ಸು," ದೊಡ್ಡಹನುಮಯ್ಯ ಕಾನ್ಸ್‌ಟೇಬಲ್‌ಗೆ ಹೇಳಿದ. "ಗೇಟು ಹಾಕು. ಯಾರೂ ಆಚೆ ಹೋಗ್ಬಾರ್ದು."

ಗುಜರಿಯವರು ಹೇಳಿಸಿಕೊಳ್ಳುವುದಕ್ಕೆ ಕಾದಿದ್ದವರಂತೆ ಹೊರಟರು.

* * *

ಪಂಪ್ ಕೋಣೆ ಒಂದು ಹಳ್ಳದಂತಿತ್ತು. ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲ. ನಡುವೆ ಕಬ್ಬಿಣದ ಚೌಕಟ್ಟಿನ ಮೇಲೆ ಒಂದು ಹಳೆಯ ಕಂಪ್ರೆಸರ್, ಅದಕ್ಕೆ ಬೆಲ್ಟಿನಿಂದ ಸೇರಿಸಿದ ಮೋಟಾರು, ಪಕ್ಕದಲ್ಲಿ ಉದ್ದನೆಯ ಡ್ರಮ್ಮು. ಡ್ರಮ್ಮಿನ ಎರಡು ತುದಿಯಿಂದ ಕೊಳದ ಕಡೆ ಪೈಪುಗಳು ಹೋಗಿದ್ದವು. ತಾಮ್ರದ ಕೊಳವೆಗಳು ಗೋಡೆ ಹತ್ತಿ ಹೊರಗೆ ಹೋಗಿದ್ದವು.

"ನನಗೆ ತಿಳಿಯೋ ಹಾಗೆ ಹೇಳಿ ಅಮ್ಮ. ಇದು ಏನು ಮಾಡುತ್ತೆ?"

ಅಣ್ಣಮ್ಮ ಅವನನ್ನು ಒಂದು ಗಳಿಗೆ ನೋಡಿದಳು. ಆ ಕಣ್ಣಲ್ಲಿ ನಂಬಿಕೆ ಇರಲಿಲ್ಲ. ಆದರೂ ಹೇಳಿದಳು.

"ಫ್ರಿಜ್ಜಿನ ಬೆನ್ನು ಮುಟ್ಟಿದೀರಾ? ಬಿಸಿ ಇರುತ್ತಲ್ಲ. ಒಳಗಿರೋ ಕಾವನ್ನ ತೆಗೆದು ಹಿಂದೆ ಬಿಡುತ್ತೆ. ಇದೂ ಅಷ್ಟೇ. ಹೊರಗೆ ಸ್ಟ್ಯಾಂಡಿನ ಮೇಲೆ ಫ್ಯಾನಿದೆ ನೋಡಿ, ಅದು ಗಾಳೀಲಿರೋ ಕಾವು ಹಿಡಿಯುತ್ತೆ. ಈ ಕಂಪ್ರೆಸರ್ರು ಗ್ಯಾಸನ್ನ ಅಮುಕಿ ಆ ಕಾವನ್ನೆಲ್ಲ ಈ ಡ್ರಮ್ಮಲ್ಲಿ ನೀರಿಗೆ ಬಿಡುತ್ತೆ. ಹೀಟ್ ಪಂಪು ಅಂತಾರೆ. ಕರೆಂಟು ಕಾವು ಹುಟ್ಟಿಸೋಕೆ ಖರ್ಚಾಗಲ್ಲ, ಹೊತ್ತು ತರೋಕೆ ಮಾತ್ರ."

"ಚಳೀಲೂ ಗಾಳೀಲಿ ಕಾವಿರುತ್ತಾ?"

"ಇರುತ್ತೆ. ಕಮ್ಮಿ ಇರುತ್ತೆ. ಅದಕ್ಕೇ ಅವರು ಬೆಳಿಗ್ಗೆ ಹನ್ನೊಂದರ ಮೇಲೇನೇ ಹಾಕಿ, ಬಿಸಿಲು ಇಳಿಯೋದ್ರೊಳಗೆ ನಿಲ್ಲಿಸಿ ಅಂದಿದ್ದು. ಸಂಜೆ ನೀರಿನ ಮೇಲೆ ಹೊದಿಕೆ ಎಳೀಬೇಕು. ಇಲ್ಲ ಅಂದ್ರೆ ಹಗಲೆಲ್ಲ ತಂದಿದ್ದು ಬೆಳಗಾಗೋದ್ರೊಳಗೆ ಹಾರಿಹೋಗುತ್ತೆ. ಮೊದ್ಲು ಇಲ್ಲಿ ಗೀಸರಿನ ಥರ ದೊಡ್ಡ ಕಾಯಿಲ್ ಇತ್ತು. ಅದು ನಾಲ್ಕು ಯೂನಿಟ್ಟು ತಿನ್ನೋ ಕಡೆ ಇದಕ್ಕೆ ಒಂದು ಸಾಕು. ಆ ಮಗು ಸರ್ವಮಂಗಳಂಗೋಸ್ಕರ ಕಟ್ಟಿದ್ದು. ಕುರುಬರಹಳ್ಳೀಲಿ ನಮ್ಮ ಮನೆ ಜಗಲಿ ಮೇಲೆ, ಆರು ತಿಂಗಳು. ಬೆಸುಗೆ ಹಾಕುವಾಗ ಈ ಕೊಳವೆ ಹಿಡ್ಕೊಂಡಿದ್ದು ನಾನು."

ಅವಳ ಮೊಣಕೈ ಹತ್ತಿರ ಸುಟ್ಟ ಗಾಯದ ಹಳೆಯ ಕಲೆ ಇತ್ತು. ಅವಳು ಅದನ್ನು ತೋರಿಸಲಿಲ್ಲ. ಅವನೇ ನೋಡಿದ.

"ಗ್ಯಾಸು ಸೋರಿದ್ರೆ ಏನಾಗುತ್ತೆ?"

"ಅದು ಗಾಳಿಗಿಂತ ಭಾರ. ನೀರಿನ ಹಾಗೆ ಕೆಳಗೆ ಕೂರುತ್ತೆ. ನಿಂತಿರೋನಿಗೆ ಮೊಣಕಾಲ ಮಟ್ಟ ಬರಬಹುದು. ಬುಸ್ಸಂತ ಸದ್ದಾಗುತ್ತೆ, ಐದು ಮೆಟ್ಟಿಲು ಹತ್ತಿ ಹೊರಗೆ ಬಂದುಬಿಡಬಹುದು. ಅವರಿಗೆ ಅದು ಗೊತ್ತಿರ್ಲಿಲ್ವಾ?" ಅವಳ ಧ್ವನಿ ಮತ್ತೆ ಏರಿತು. "ನೆಲದ ಮೇಲೆ ಎಚ್ಚರ ಇಲ್ಲದೆ ಬಿದ್ದಿರೋನು ಮಾತ್ರ ಸಾಯ್ತಾನೆ ಸಾರ್, ನಿಂತಿರೋನು ಸಾಯಲ್ಲ!"

ದೊಡ್ಡಹನುಮಯ್ಯ ಮೊಣಕಾಲೂರಿ ಕೂತು ಟಾರ್ಚು ಹಾಕಿದ. ಕಂಪ್ರೆಸರಿನ ಪಕ್ಕ, ತಾಮ್ರದ ಕೊಳವೆಯ ತುದಿಯಲ್ಲಿ ಒಂದು ಹಿತ್ತಾಳೆ ನಟ್ಟು ಬಿಚ್ಚಿಕೊಂಡು ಜೋತುಬಿದ್ದಿತ್ತು. ಗ್ಯಾಸು ಹೋಗಿದ್ದು ಅಲ್ಲಿಂದಲೇ ಎಂದು ಭಾನುವಾರವೇ ಬರೆದುಕೊಂಡಿದ್ದರು. ಆದರೆ ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ.

"ಇಲ್ಲಿ ಬನ್ನಿ. ಈ ಗೀರುಗಳೇನು?"

ಅಣ್ಣಮ್ಮ ಬಗ್ಗಿದಳು. ನಟ್ಟಿನ ಮೈಯೆಲ್ಲ ಹಲ್ಲಿನ ಗುರುತು. ಒಂದು ಮೂಲೆಯಂತೂ ಸವೆದು ದುಂಡಗಾಗಿತ್ತು.

ಅವಳು ಆ ಮೂಲೆ ಮುಟ್ಟಿ ನೋಡಿದಳು. "ಪೈಪ್ ರಿಂಚು. ಕಬ್ಬಿಣದ ಪೈಪು ತಿರುಗ್ಸೋ ಹಲ್ಲಿನ ರಿಂಚನ್ನ ಮೆತ್ತಗಿನ ಹಿತ್ತಾಳೆ ನಟ್ಟಿಗೆ ಹಾಕಿದಾರೆ. ಸಾರ್, ಅವರು ಎರಡು ಸ್ಪ್ಯಾನರು ಹಿಡಿದು ಬಿಚ್ಚೋರು. ಒಂದು ಹಿಡಿಯೋಕೆ, ಒಂದು ತಿರುಗ್ಸೋಕೆ. ಹೀಗೆ ಮಾಡಿದ್ರೆ ಯಾರಿಗಾದ್ರೂ ಬೈದುಬಿಡೋರು. ಅವರ ಚೀಲ ನನ್ನ ಹತ್ರ ಇದೆ. ಅದರಲ್ಲಿ ಪೈಪ್ ರಿಂಚೇ ಇಲ್ಲ."

"ಭಾನುವಾರ ಅವರು ಮನೆಯಿಂದ ಎಷ್ಟು ಹೊತ್ತಿಗೆ ಹೊರಟ್ರು?"

"ಹತ್ತೂವರೆ. ಶನಿವಾರ ಮಧ್ಯಾಹ್ನ ಬೆಲ್ಟು ಕಿತ್ತುಹೋಗಿತ್ತಂತೆ. ಹೊಸ ಬೆಲ್ಟು ಸೈಕಲ್ ಹ್ಯಾಂಡಲ್ಲಿಗೆ ನೇತುಹಾಕ್ಕೊಂಡು ಹೋದ್ರು. ಹದಿನೈದು ನಿಮಿಷದ ದಾರಿ."

ಮೋಟಾರಿಗೂ ಕಂಪ್ರೆಸರಿಗೂ ನಡುವೆ ಬೆಲ್ಟು ಹೊಚ್ಚ ಹೊಸದಾಗಿತ್ತು. ಹಾಕಿ ಮುಗಿಸಿದ್ದಾನೆ. ಹಾಕಿ ಮುಗಿದ ಮೇಲೆ ಏನಾಯಿತು?

"ಇನ್ಸ್‌ಪೆಕ್ಟರ್ ಸಾರ್."

ಮೇಲಿನಿಂದ ಬಂದ ಧ್ವನಿ ಹೆಣ್ಣಿನದು. ಮೆಟ್ಟಿಲ ತುದಿಯಲ್ಲಿ ಸರ್ವಮಂಗಳ ನಿಂತಿದ್ದಳು. ಚನ್ನಕೇಶವನ ಒಬ್ಬಳೇ ಮಗಳು. ಇಪ್ಪತ್ತನಾಲ್ಕು ವರ್ಷ. ಮೂರನೇ ವಯಸ್ಸಿಗೆ ಪೋಲಿಯೊ ಬಂದು ಎರಡು ಕಾಲೂ ಸೊರಗಿದ್ದವು. ಕಂಕುಳಲ್ಲಿ ಊರುಗೋಲು ಒತ್ತಿ, ಒಂದು ಕೈಯಲ್ಲಿ ಉದ್ದನೆಯ ನೋಟುಬುಕ್ಕು ಹಿಡಿದಿದ್ದಳು.

"ಮುನಿರಾಮಣ್ಣನ ಬಗ್ಗೆ ಈ ಮನೇಲಿ ಹೇಳೋದನ್ನ ನಾಲ್ಕು ದಿನ ಕೇಳ್ದೆ. ಇನ್ನು ಕೇಳೋಕೆ ಆಗಲ್ಲ. ಇದನ್ನ ನೋಡಿ."

* * *

ಕೊಳ ದೊಡ್ಡದೇನಲ್ಲ. ಹದಿನಾರಡಿ ಉದ್ದ, ಎಂಟಡಿ ಅಗಲ, ಎದೆಮಟ್ಟ ನೀರು. ಮೇಲೆ ಶೀಟಿನ ಚಾವಣಿ. ಬೆಚ್ಚನೆಯ ನೀರಲ್ಲಿ ದಿನಾ ಕಾಲಾಡಿಸಬೇಕು ಎಂದು ಡಾಕ್ಟರು ಹೇಳಿದ ಮೇಲೆ ಮಗಳಿಗಾಗಿ ಚನ್ನಕೇಶವ ಕಟ್ಟಿಸಿದ್ದು. ನೀರಿನಲ್ಲಿ ದಾರ ಕಟ್ಟಿದ ಒಂದು ಥರ್ಮಾಮೀಟರ್ ಇಳಿಬಿಟ್ಟಿತ್ತು.

"ತಣ್ಣೀರಲ್ಲಿ ನನ್ನ ಕಾಲು ಮರದ ಕೊರಡು ಸಾರ್. ಮೂವತ್ತು ದಾಟಿದ್ರೆ ಮಾತ್ರ ಅವು ನನ್ನ ಮಾತು ಕೇಳೋದು," ಸರ್ವಮಂಗಳ ಬೆಂಚಿನ ಮೇಲೆ ಕೂತು ಪುಸ್ತಕ ತೆರೆದಳು. "ಮೆಷಿನ್ ಬಂದ ದಿನದಿಂದ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀರಿನ ಕಾವು ಬರೆದಿಟ್ಟಿದೀನಿ, ಎಷ್ಟು ಗಂಟೆ ಓಡ್ತು ಅನ್ನೋದನ್ನೂ. ಮುನಿರಾಮಣ್ಣನೇ ಬರೀ ಅಂದಿದ್ದು. ಇಲ್ಲಿ ನೋಡಿ. ಶನಿವಾರ ಸಂಜೆ ಇಪ್ಪತ್ತೊಂಬತ್ತು. ಭಾನುವಾರ ಬೆಳಿಗ್ಗೆ ಇಪ್ಪತ್ತೆಂಟು. ಒಂಬತ್ತು ಗಂಟೆಗೆ ನಾವೆಲ್ಲ ವಿಜಯನಗರದ ಛತ್ರಕ್ಕೆ ಮದ್ವೆಗೆ ಹೋದ್ವಿ. ಸಂಜೆ ಬಂದಾಗ..." ಅವಳು ಪುಟದ ಖಾಲಿ ಸಾಲು ತೋರಿಸಿದಳು. "ಅವತ್ತು ಸಂಜೆ ಬರೀಲಿಲ್ಲ. ಹೊದಿಕೆ ಎಳೆಸಿದ್ದೆ, ಅಷ್ಟೆ."

"ಸೋಮವಾರ?"

"ಸೋಮವಾರ ಬೆಳಿಗ್ಗೆ ನಿದ್ದೆ ಇರ್ಲಿಲ್ಲ. ಬಂದು ನೋಡ್ದೆ. ಮೂವತ್ತೊಂದು."

ದೊಡ್ಡಹನುಮಯ್ಯ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ. ಹಿಂದಿನ ಪುಟಗಳನ್ನು ತಿರುವಿದ. ಹೊದಿಕೆ ಹಾಕಿದ ಪ್ರತಿ ರಾತ್ರಿಯೂ ಒಂದು ಡಿಗ್ರಿ ಇಳಿದಿದೆ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೆಷಿನ್ ಓಡಿದ ಪ್ರತಿ ಗಂಟೆಗೂ ಹತ್ತಿರ ಹತ್ತಿರ ಒಂದು ಡಿಗ್ರಿ ಏರಿದೆ.

"ಹಾಗಾದ್ರೆ ಭಾನುವಾರ ಸಂಜೆ ಮೂವತ್ತೆರಡು ಇತ್ತು," ಅವನು ನಿಧಾನವಾಗಿ ಹೇಳಿದ. "ಇಪ್ಪತ್ತೆಂಟರಿಂದ ಮೂವತ್ತೆರಡು. ನಾಲ್ಕು ಗಂಟೆ."

"ನಾಲ್ಕು ಗಂಟೆ ಓಡಿದೆ ಸಾರ್," ಸರ್ವಮಂಗಳ ಹೇಳಿದಳು. "ಗ್ಯಾಸಿಲ್ಲದೆ ನೀರು ಕಾಯಲ್ಲ."

ಅಣ್ಣಮ್ಮ ಅವಳ ಪಕ್ಕ ಬಂದು ನಿಂತಿದ್ದಳು. ಆ ಹುಡುಗಿಯ ಭುಜದ ಮೇಲೆ ಕೈ ಇಡಲು ಹೋಗಿ, ಇಡದೆ ಹಿಂದೆ ತೆಗೆದುಕೊಂಡಳು.

* * *

ಚನ್ನಕೇಶವ ಒಳಗಿನಿಂದ ಬಂದಾಗ ಅವನ ಮುಖ ಕೆಂಪಾಗಿತ್ತು. ದಪ್ಪ ಆಳು, ಬಿಳಿ ಪಂಚೆ, ಹಣೆಯಲ್ಲಿ ಆಗಷ್ಟೇ ಇಟ್ಟ ಕುಂಕುಮ.

"ಏನ್ ಸಾರ್ ಇದು? ಮನೆ ಗೇಟಿಗೆ ಪೊಲೀಸ್ನೋರು ನಿಲ್ಲೋ ಹಾಗೆ ನಾವೇನು ಮಾಡಿದೀವಿ? ಸತ್ತಿದ್ದಕ್ಕೆ ನಮಗೂ ಸಂಕಟ ಇದೆ. ಮಂಗಳ, ನೀನು ಒಳಗೆ ನಡಿ."

"ನಾನಿಲ್ಲೇ ಇರ್ತೀನಪ್ಪ."

"ಇರ್ಲಿ ಬಿಡಿ ಚನ್ನಕೇಶವ ಅವರೇ. ಹತ್ತು ನಿಮಿಷ," ದೊಡ್ಡಹನುಮಯ್ಯ ಬೈಲಪ್ಪನ ಕಡೆ ತಿರುಗಿದ. "ಬೈಲಪ್ಪನವರೇ, ಭಾನುವಾರ ಹೇಳಿದ್ದನ್ನ ಇನ್ನೊಂದು ಸಲ ಹೇಳಿ. ಮೆಷಿನ್ನು ಯಾವಾಗ ನಿಂತಿದ್ದು?"

"ಶನಿವಾರ ಮಧ್ಯಾಹ್ನ. ಬೆಲ್ಟು ಕಿತ್ತೋಯ್ತು."

"ಆಮೇಲೆ ಓಡಿತಾ?"

"ಎಲ್ಲಿ ಓಡುತ್ತೆ ಸಾರ್? ಅವನು ಭಾನುವಾರ ಬಂದ, ಕುಡಿದಿದ್ದನೋ ಏನೋ, ಬೆಲ್ಟು ಹಾಕೋಕೆ ಹೋಗಿ ಗ್ಯಾಸು ಬಿಚ್ಚಿದ. ಒಂದು ನಿಮಿಷಾನೂ ಓಡಿಲ್ಲ."

"ಖಂಡಿತವಾಗಿ?"

"ದೇವರಾಣೆ."

"ಹಾಗಾದ್ರೆ ಈ ನೀರು ಯಾರು ಕಾಯಿಸಿದ್ರು?"

ದೊಡ್ಡಹನುಮಯ್ಯ ಪುಸ್ತಕವನ್ನು ಅವನ ಮುಖದ ಮುಂದೆ ಹಿಡಿದ. ಬೈಲಪ್ಪ ಓದಿದ. ಮತ್ತೆ ಓದಿದ.

"ಬಿಸಿಲಿಗೆ ಕಾದಿರುತ್ತೆ."

"ಮೇಲೆ ನೋಡ್ರಿ. ಶೀಟು. ಬಿಸಿಲು ಎಲ್ಲಿಂದ ಬರುತ್ತೆ?"

"ಹಳೇ ಕಾಯಿಲು..."

"ಅದನ್ನ ಕಿತ್ತು ಹಾಕಿ ನಾಲ್ಕು ತಿಂಗಳಾಯ್ತು ಮಾವ," ಸರ್ವಮಂಗಳ ಹೇಳಿದಳು. "ನೀವೇ ಮಾರಿದ್ದು."

"ಮಗು ತಪ್ಪು ಬರೆದಿರಬಹುದು! ಅದೊಂದು ಪುಸ್ತಕ ನಂಬ್ಕೊಂಡು..."

"ಸಾಕು!" ದೊಡ್ಡಹನುಮಯ್ಯನ ಗದರಿಕೆಗೆ ಚಾವಣಿಯ ಶೀಟೂ ಗುಂಯ್ ಅಂದಿತು. ನಾಲ್ಕು ದಿನದ ಸಿಟ್ಟು ಆ ಒಂದು ಮಾತಿನಲ್ಲಿತ್ತು. "ಮುನಿರಾಮಯ್ಯ ಹತ್ತೂ ಮುಕ್ಕಾಲಿಗೆ ಬಂದ. ಬೆಲ್ಟು ಹಾಕ್ದ. ಹನ್ನೊಂದಕ್ಕೆ ಮೆಷಿನ್ ಹಾಕಿ, ನಿಲ್ಲಿಸೋಕೆ ಮನೇಲಿ ಯಾರೂ ಇಲ್ಲ ಅಂತ ಇಲ್ಲೇ ಉಳ್ಕೊಂಡ. ಅದು ನಾಲ್ಕು ಗಂಟೆ ಚೆನ್ನಾಗಿ ಓಡ್ತು. ಅಂದ್ರೆ ಮೂರು ಗಂಟೆವರೆಗೂ ಗ್ಯಾಸು ಒಳಗೇ ಇತ್ತು. ಮೂರರ ಮೇಲೆ ಯಾರೋ ಬಂದು ನಿಲ್ಸಿದಾರೆ. ಪೈಪ್ ರಿಂಚು ಹಾಕಿ ನಟ್ಟು ಬಿಚ್ಚಿದಾರೆ. ಆಗ ಈಯಮ್ಮನ ಗಂಡ ತಲೆಗೆ ಪೆಟ್ಟು ಬಿದ್ದು ನೆಲದ ಮೇಲೆ ಮಲಗಿದ್ದ. ಮೂರು ಗಂಟೆಗೆ ನೀನು ಎಲ್ಲಿದ್ದೆ?"

'ನೀವು' ಹೋಗಿ 'ನೀನು' ಬಂದಿತ್ತು. ಬೈಲಪ್ಪನಿಗೆ ಅದು ತಿಳಿಯಿತು.

"ಛತ್ರದಲ್ಲಿ. ಊಟಕ್ಕೆ ಬಡಿಸ್ತಾ ಇದ್ದೆ."

"ನನ್ನ ಕಣ್ಮುಂದೇನೇ ಇದ್ದ," ಚನ್ನಕೇಶವ ನಡುವೆ ಬಂದ. "ಐದು ಗಂಟೆವರೆಗೂ ಕದಲಿಲ್ಲ. ಬೇಕಾದ್ರೆ ನಾನು ಬರೆದುಕೊಡ್ತೀನಿ."

"ಬರೆದುಕೊಡೋ ಮೊದ್ಲು ಸ್ವಲ್ಪ ತಡೀರಿ. ಅಂಜಿನಯ್ಯ, ಇವನ ಸ್ಕೂಟರಿನ ಡಿಕ್ಕಿ ತೆಗಿ."

ಬೈಲಪ್ಪ ಕೀ ಇದ್ದ ಮುಷ್ಟಿಯನ್ನು ಬಿಗಿಹಿಡಿದ. ಅಂಜಿನಯ್ಯ ಐವತ್ತು ದಾಟಿದವನು, ಮಾತು ಕಮ್ಮಿ. ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳು ಒಂದೊಂದಾಗಿ ಬಿಡಿಸಿ ಕೀ ತೆಗೆದುಕೊಂಡು ಹೋದ.

ಅವನು ಬರುವವರೆಗೆ ಬೈಲಪ್ಪ ಗೇಟಿನ ಕಡೆಯೇ ನೋಡುತ್ತಿದ್ದ. ಪಕ್ಕದ ಮನೆಯ ರೇಡಿಯೊ ಏನೋ ಹೇಳುತ್ತಿತ್ತು.

ಅಂಜಿನಯ್ಯ ಎರಡು ವಸ್ತು ತಂದು ಬೆಂಚಿನ ಮೇಲಿಟ್ಟ. ಒಂದು, ಮಿಲ್ಲಿನಲ್ಲಿ ಬಳಸುವ ಹದಿನಾಲ್ಕು ಇಂಚಿನ ಪೈಪ್ ರಿಂಚು. ಅದರ ಹಲ್ಲುಗಳ ಸಂದಿನಲ್ಲಿ ಹಿತ್ತಾಳೆಯ ಹಳದಿ ಪುಡಿ ಮಿನುಗುತ್ತಿತ್ತು. ಇನ್ನೊಂದು, ರಟ್ಟು ಹಾಕಿದ ಡ್ರಾಯಿಂಗ್ ಪುಸ್ತಕ. ಎಣ್ಣೆಗೈಯ ಹೆಬ್ಬೆಟ್ಟಿನ ಗುರುತು ಅದರ ಮೇಲೆಲ್ಲ.

ಅಣ್ಣಮ್ಮನ ಬಾಯಿಂದ ಕೂಗಲ್ಲದ, ಅಳುವಲ್ಲದ ಒಂದು ಸದ್ದು ಬಂತು. ಪುಸ್ತಕವನ್ನು ಕಿತ್ತುಕೊಂಡಳು.

"ಇದು ಅವರ ಪುಸ್ತಕ! ಮನೆಯೆಲ್ಲ ಹುಡುಕ್ದೆ ನಾನು. ಈ ಮೆಷಿನ್ನಿನ ನಕ್ಷೆ ಎಲ್ಲ ಇದರಲ್ಲಿದೆ. ಪೋಲಿಯೊ ಮಕ್ಕಳ ಆಸ್ಪತ್ರೆಗೆ ಸೋಮವಾರ ತಗೊಂಡು ಹೋಗಿ ಕೊಡೋರಿದ್ರು. ಪುಕ್ಕಟೆ ಕೊಡ್ತೀನಿ, ಯಾರು ಬೇಕಾದ್ರೂ ಕಟ್ಕೊಳ್ಳಲಿ ಅಂತಿದ್ರು." ಅವಳು ಬೈಲಪ್ಪನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಇದಕ್ಕಾ? ಈ ಪುಸ್ತಕಕ್ಕಾ? ಕೇಳಿದ್ರೆ ನಿನಗೂ ಒಂದು ಬರೆದು ಕೊಡ್ತಿದ್ರಲ್ಲೋ!"

ಬೈಲಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಪುಕ್ಕಟೆ ಕೊಡೋಕೆ ಅವನ್ಯಾರು? ನಮ್ಮನೆ ಕೊಳ, ನಮ್ಮನೆ ಕರೆಂಟು. ಊಟಿ ಹೋಟೆಲ್ನೋರ ಹತ್ರ ನಾನು ಮಾತಾಡಿಯಾಗಿತ್ತು. ನನ್ನ ಹೆಸರಲ್ಲಿ ಕಟ್ಟಿಕೊಡ್ತೀನಿ ಅಂದಿದ್ದೆ. ಪುಸ್ತಕ ಕೊಡು ಅಂದೆ. ಕೊಡಲ್ಲ ಅಂದ. ನಕ್ಕ ಸಾರ್! ನನ್ನನ್ನ ನೋಡಿ ನಕ್ಕ. ಒಂದು ತಳ್ಳು ತಳ್ಳಿದೆ, ಅಷ್ಟೆ. ಚೌಕಟ್ಟಿನ ಮೇಲೆ ಬಿದ್ದ..."

ಮಾತು ಮುಗಿಯಲಿಲ್ಲ. ಚನ್ನಕೇಶವನ ಅಂಗೈ ಅವನ ಕೆನ್ನೆಗೆ ಅಪ್ಪಳಿಸಿತು.

"ಥೂ, ನಾಯಿ! ನನ್ನ ಮನೇಲಿ ಅನ್ನ ತಿಂದು ನನ್ನ ಮನೇಲೇ ಕೊಲೆ ಮಾಡ್ತೀಯಾ? ಇವನು ನನ್ನ ಸಂಬಂಧಿಕನೇ ಅಲ್ಲ ಸಾರ್. ಎಳ್ಕೊಂಡು ಹೋಗಿ. ಗಲ್ಲಿಗೆ ಹಾಕಿ!"

ಇನ್ನೊಂದು ಏಟಿಗೆ ಕೈ ಎತ್ತಿದ. ಬೈಲಪ್ಪ ಆ ಕೈಯನ್ನು ಗಾಳಿಯಲ್ಲೇ ಹಿಡಿದ. ಅವನ ಕಣ್ಣಲ್ಲಿದ್ದ ಹೆದರಿಕೆ ಹೋಗಿ ಬೇರೇನೋ ಬಂದಿತ್ತು. ಹದಿನೈದು ವರ್ಷ ಈ ಮನೆಯ ಊಟದ ಜೊತೆ ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂದಂತಿತ್ತು.

"ನನ್ನನ್ನ ಹೊಡೀತೀರಾ ಬಾವ? ನೀವಾ?"

"ಬಿಡೋ ಕೈ!"

"ಮೂರು ಗಂಟೆಗೆ ಈ ಮನೆಯಿಂದ ಛತ್ರಕ್ಕೆ ಫೋನ್ ಮಾಡಿದ್ದೆ ಸಾರ್. ಛತ್ರದ ಆಫೀಸಿನ ಫೋನು. ಬಾವನ್ನ ಕರೆಸಿದ್ದೆ."

"ಬಾಯ್ಮುಚ್ಚು ಬೈಲ!"

"ಹೇಳಿ ಮಾವ," ಸರ್ವಮಂಗಳ ಊರುಗೋಲು ಊರಿ ಎದ್ದು ನಿಂತಿದ್ದಳು. "ನೀವು ಹೇಳಿ."

ದೊಡ್ಡಹನುಮಯ್ಯ ಇಬ್ಬರ ನಡುವೆ ಬಂದು ಚನ್ನಕೇಶವನನ್ನು ಒಂದು ಹೆಜ್ಜೆ ಹಿಂದಕ್ಕೆ ನೂಕಿದ.

ಬೈಲಪ್ಪ ಅಕ್ಕನ ಮಗಳ ಕಡೆ ನೋಡಲಿಲ್ಲ. ನೆಲ ನೋಡಿಕೊಂಡು ಹೇಳಿದ.

"ಬಿದ್ದು ಎಚ್ಚರ ತಪ್ಪಿತ್ತು. ಮೂಗಿನ ಹತ್ರ ಕೈ ಇಟ್ಟು ನೋಡ್ದೆ. ಉಸಿರಾಡ್ತಾ ಇದ್ದ. ಅದನ್ನೇ ಬಾವಂಗೆ ಫೋನಲ್ಲಿ ಹೇಳ್ದೆ. ಆಟೊ ತಂದು ಆಸ್ಪತ್ರೆಗೆ ಹಾಕ್ತೀನಿ ಬಾವ, ಜಗಳ ಆಯ್ತು ಅಂತ ಹೇಳಿಬಿಡ್ತೀನಿ ಅಂದೆ. ಎಷ್ಟೋ ಹೊತ್ತು ಬಾವ ಮಾತೇ ಆಡ್ಲಿಲ್ಲ. ವಾಲಗದ ಸದ್ದು ಮಾತ್ರ ಕೇಳ್ತಿತ್ತು. ಆಮೇಲೆ ಹೇಳಿದ್ರು. 'ಆಸ್ಪತ್ರೆ ಬೇಡ. ಅವನು ಎದ್ದರೆ ನನ್ನ ಮನೆ ಉಳಿಯಲ್ಲ. ಗ್ಯಾಸು ಬಿಟ್ಟು ಬಾಗಿಲು ಹಾಕಿ ಬಾ' ಅಂದ್ರು. ಬಾಟ್ಲು ಇಡು ಅಂದಿದ್ದೂ ಅವರೇ."



ಅಣ್ಣಮ್ಮ ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದಳು. 

"ಉಸಿರಿತ್ತಾ?" ಎಂದಳು. ಅವಳ ಧ್ವನಿ ಮೊದಲ ಸಲ ತಗ್ಗಿತ್ತು. "ನೀವಿಬ್ರೂ ಫೋನಲ್ಲಿ ಮಾತಾಡ್ತಾ ಇದ್ದಾಗ ಅವರಿಗೆ ಉಸಿರಿತ್ತಾ?"

ಚನ್ನಕೇಶವ ಮುಖ ತಿರುಗಿಸಿದ.

"ಅಪ್ಪ," ಸರ್ವಮಂಗಳ ಕರೆದಳು. "ಸುಳ್ಳು ಅಂತ ಹೇಳಿ. ಒಂದೇ ಒಂದು ಸಲ ಸುಳ್ಳು ಅಂತ ಹೇಳಿ."

ಚನ್ನಕೇಶವ ಮಗಳ ಕಡೆ ನೋಡಿದ.   ಪಂಚೆಯ ಅಂಚನ್ನು ಹಿಡಿದು ಬೆಂಚಿನ ತುದಿಯಲ್ಲಿ ಕುಸಿದು ಕೂತ.

ಆ ಹುಡುಗಿ ಅಳಲಿಲ್ಲ. ಒಂದೊಂದೇ ಹೆಜ್ಜೆ ಹಾಕಿ ಅಪ್ಪನಿಂದ ದೂರ ಬಂದು, ಅಣ್ಣಮ್ಮನ ಪಕ್ಕ ನಿಂತಳು. 

"ನನ್ನ ಹೆಸರಲ್ಲಿ ಕಟ್ಟಿಸಿದ ಕೊಳ," ಎಂದಳು. "ನನ್ನ ಕಾಲಿಗೆ ಅಂತ ಅವರು ಮಾಡಿದ ಮೆಷಿನ್ನು. ಅದರಲ್ಲೇ ಅವರನ್ನ ಕೊಂದ್ರಿ. ಇನ್ನು ಈ ನೀರಿಗೆ ಇಳೀತೀನಿ ಅಂದ್ಕೊಂಡ್ರಾ ನೀವು?"

ದೊಡ್ಡಹನುಮಯ್ಯ ಚನ್ನಕೇಶವನ ಎದುರು ಬಗ್ಗಿದ. ಬಂಧಿಸುವುದು ಒಂದು ನಿಮಿಷದ ಕೆಲಸ. ಅದಕ್ಕೆ ಮೊದಲು ಅವನಿಗೆ ಒಂದು ಉತ್ತರ ಬೇಕಿತ್ತು. ಊಟಿ ಹೋಟೆಲಿನ ಆಸೆ ಬೈಲಪ್ಪನದು. ಇಷ್ಟು ದೊಡ್ಡ ಮಿಲ್ಲಿನ ಯಜಮಾನನಿಗೆ ಒಬ್ಬ ಮೆಕ್ಯಾನಿಕ್ಕಿನ ನಕ್ಷೆ ಪುಸ್ತಕ ಏಕೆ ಬೇಕು?

"ಅವನು ಎದ್ದರೆ ನಿಮ್ಮ ಮನೆ ಉಳಿಯಲ್ಲ ಅಂದ್ರಿ. ಎದ್ದಿದ್ರೆ ಏನು ಹೇಳ್ತಿದ್ದ?"

ಚನ್ನಕೇಶವ ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. ಪಶ್ಚಾತ್ತಾಪದಿಂದಲ್ಲ. ಅವನು ಇನ್ಸ್‌ಪೆಕ್ಟರನ್ನು ನೋಡಲಿಲ್ಲ. ಅವನನ್ನು ದಾಟಿ, ಮಗಳನ್ನೂ ದಾಟಿ, ಅಣ್ಣಮ್ಮನ ಮೇಲೆ ಕಣ್ಣು ನಿಲ್ಲಿಸಿದ.

"ನನ್ನನ್ನ ಯಾಕೆ ಕೇಳ್ತೀರಿ? ಅವಳನ್ನ ಕೇಳಿ. ಬೆಳಿಗ್ಗೆಯಿಂದ ಬಾಯಿಗೆ ಬಂದ ಹಾಗೆ ಕೂಗ್ತಾ ಇದಾಳಲ್ಲ, ಈ ಮನೆ ಬಗ್ಗೆ ಅವಳ ಗಂಡಂಗೆ ಗೊತ್ತಿದ್ದ ಆ ಒಂದು ಮಾತು ಮಾತ್ರ ಯಾಕೆ ಆಡ್ಲಿಲ್ಲ ಅಂತ ಕೇಳಿ."

ದೊಡ್ಡಹನುಮಯ್ಯ ತಿರುಗಿದ.

"ಏನದು ಅಮ್ಮ?"

ಅಣ್ಣಮ್ಮನ ಮುಖದಲ್ಲಿ ಆವರೆಗೆ ಉರಿಯುತ್ತಿದ್ದ ಸಿಟ್ಟು ಹೋಗಿ ಬರೀ ಭಯ ಉಳಿದಿತ್ತು. ಅವಳು ಪಕ್ಕದಲ್ಲಿ ನಿಂತಿದ್ದ ಸರ್ವಮಂಗಳಳನ್ನು ನೋಡಿದಳು. ಇನ್ಸ್‌ಪೆಕ್ಟರನ್ನು ನೋಡಿದಳು.

"ಹೇಳ್ತೀನಿ ಸಾರ್," ಎಂದಳು, ತುಟಿ ಅಲುಗದಷ್ಟು ಮೆಲ್ಲಗೆ. "ಆದ್ರೆ ಈ ಮಗೂನ ಒಳಗೆ ಕಳ್ಸಿ. ಇವಳ ಮುಂದೆ ನಾನು ಹೇಳಲ್ಲ."